ಕಬಿನಿ ರಿವರ್ ಲಾಡ್ಜ್‌ಗೆ ಅಪ್ಪ ಅಮ್ಮನ ಜೊತೆ: ಏಪ್ರಿಲ್‌ನಲ್ಲಾ, ಆಗಸ್ಟ್‌ನಲ್ಲಾ?

ಹುಣಸೂರು_ಹುಡುಗ:
ಅಪ್ಪನಿಗೆ ಈ ವರ್ಷ ರಿಟೈರ್‌ಮೆಂಟ್. ನಾಗರಹೊಳೆ ಕಾಡಂಚಿನ ಕಾರಾಪುರದ ಕಬಿನಿ ರಿವರ್ ಲಾಡ್ಜ್‌ಗೆ ಕರ್ಕೊಂಡು ಹೋಗೋಣ ಅಂತ ಇದ್ದೇನೆ. ಅದು ಮಹಾರಾಜರ ಬೇಟೆ ಬಂಗಲೆ ಅಂತಾರಲ್ಲ, ನಿಜಾನಾ ಅಥವಾ ಸುಮ್ನೆ ಜಾಹೀರಾತಾ? ಅಮ್ಮನಿಗೆ ಮಂಡಿ ನೋವು, ಜೀಪಿನಲ್ಲಿ ಕೂರೋದು ಕಷ್ಟ. ಕೊಟ್ಟ ದುಡ್ಡಿಗೆ ಅಲ್ಲಿ ಏನೇನು ಸಿಗುತ್ತೆ? ಪಕ್ಕದ ಖಾಸಗಿ ರೆಸಾರ್ಟ್‌ಗಳ ಫೋಟೋ ನೋಡಿದರೆ ಅವೇ ಚೆನ್ನಾಗಿವೆ ಅನ್ನಿಸುತ್ತೆ.

ಹಿನ್ನೀರು:
ನಿಜಾನೇ. ಮೈಸೂರು ಅರಸರ ಕಾಲದ ಬೇಟೆ ಬಂಗಲೆ, ವೈಸ್‌ರಾಯ್ ಬಂದರೆ ಇಳಿಸೋಕೆ ಇದ್ದ ಬಂಗಲೆ, ಎರಡೂ ಅದೇ ಆವರಣದಲ್ಲಿವೆ. ಆದರೆ ಈಗಿನ ಲಾಡ್ಜ್ ಶುರುವಾಗಿದ್ದು 80ರ ದಶಕದಲ್ಲಿ. ನೇಪಾಳದ ಟೈಗರ್ ಟಾಪ್ಸ್ ಅನ್ನೋ ಸಫಾರಿ ಕಂಪನಿಯವರ ಜೊತೆ ಸೇರಿ ನಮ್ಮ ಸರ್ಕಾರ 1980ರಲ್ಲಿ ಈ ಲಾಡ್ಜ್ ನಡೆಸೋ ಜಂಗಲ್ ಲಾಡ್ಜಸ್ ಕಂಪನಿ ಮಾಡಿತು, ಕೆಲವು ವರ್ಷದ ಮೇಲೆ ಅವರು ಬಿಟ್ಟು ಹೋದರು, ಈಗ ಪೂರ್ತಿ ಸರ್ಕಾರದ್ದೇ. ಕರ್ನಲ್ ಜಾನ್ ವೇಕ್‌ಫೀಲ್ಡ್ ಅಂತ ಒಬ್ಬರಿದ್ದರು, ಎಲ್ಲರೂ ಪಾಪಾ ಅಂತಿದ್ದರು. ಗಯಾದಲ್ಲಿ ಹುಟ್ಟಿದ ಬ್ರಿಟಿಷರು. ಲಾಡ್ಜನ್ನ ಕಟ್ಟಿ ನಿಲ್ಲಿಸಿ, 2010ರಲ್ಲಿ ತೀರಿಕೊಳ್ಳೋವರೆಗೂ ಅಲ್ಲೇ ಇದ್ದರು.

ಬಂಗಲೆಗಿಂತ ಆ ಜಾಗದ ಕಥೆ ದೊಡ್ಡದು. ಕಾಡಾನೆ ಹಿಡಿಯೋ ಕಾಕನಕೋಟೆ ಖೆಡ್ಡಾ ನಡೀತಿದ್ದದ್ದು ಅದೇ ಕಾಡಿನಲ್ಲಿ. ತಮಟೆ ಬಡಿದು, ಕೂಗೆಬ್ಬಿಸಿ, ಇಡೀ ಹಿಂಡನ್ನ ಹೊಳೆಗೆ ಇಳಿಸಿ, ಆ ದಡದಲ್ಲಿ ದಿಮ್ಮಿ ನೆಟ್ಟು ಮಾಡಿದ ದೊಡ್ಡಿಗೆ ನುಗ್ಗಿಸೋರು. ದೊಡ್ಡಿ ಬಾಗಿಲು ಬಿದ್ದ ಮೇಲೆ ಪಳಗಿದ ಆನೆಗಳ ಮೇಲೆ ಮಾವುತರು ಒಳಗೆ ಹೋಗಿ ಒಂದೊಂದಕ್ಕೇ ಹಗ್ಗ ಹಾಕೋರು. ಇದನ್ನ ನೋಡೋಕೆ ದೊರೆಗಳಿಗೆ ಗ್ಯಾಲರಿ ಬೇರೆ! ದಸರಾದಲ್ಲಿ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಸಿಕ್ಕಿದ್ದು ಇಲ್ಲೇ. ಕೊನೇ ಖೆಡ್ಡಾ 1971ರಲ್ಲಿ. ಆಮೇಲೆ ಕಬಿನಿ ಹೊಳೆಗೆ ಬೀಚನಹಳ್ಳಿ ಅಣೆಕಟ್ಟು ಬಂತು, ಆ ಜಾಗ, ಸುತ್ತಲ ಕಾಡು, ಊರುಗಳು ಎಲ್ಲ ಮುಳುಗಿದವು. ನೀವು ದಡದಲ್ಲಿ ಕೂತು ಟೀ ಕುಡೀತಾ ನೋಡೋದು ಹರಿಯೋ ಹೊಳೆ ಅಲ್ಲ, ಹಿನ್ನೀರು. ಊರು, ಆದಿವಾಸಿ ಹಾಡಿಗಳನ್ನ ಬಿಟ್ಟು ಎದ್ದವರ ಮಾತು ಯಾವ ರೆಸಾರ್ಟ್ ಪುಸ್ತಿಕೆಯಲ್ಲೂ ಇರಲ್ಲ ಬಿಡಿ.

ಕೋಟೆ_ಕಡೆಯವಳು:
ಅಮ್ಮ ಇದ್ದಾರೆ ಅಂದರೆ ಬೋಟ್ ಸಫಾರಿ ಕೇಳಿ, ಜೀಪಿನ ಕುಲುಕಾಟ ಇರಲ್ಲ. ಬುಕ್ ಮಾಡುವಾಗಲೇ ಮಂಡಿ ನೋವಿನ ವಿಷಯ ಹೇಳಿಬಿಡಿ, ಅಲ್ಲಿಗೆ ಹೋದ ಮೇಲೆ ಬೋಟ್ ಬೇಕು ಅಂದರೆ ಸೀಟ್ ಸಿಗೋದು ಗ್ಯಾರಂಟಿ ಇಲ್ಲ.

ತಿಂಗಳು ಅಂದರೆ ಏಪ್ರಿಲ್, ಮೇ. ಬಿಸಿಲು ಜಾಸ್ತಿ, ಆದರೆ ನೀರು ಇಳಿದು ದಡದಲ್ಲೆಲ್ಲ ಎಳೆ ಹುಲ್ಲು ಚಿಗುರಿರುತ್ತೆ. ಒಳಗಿನ ಕೆರೆಕಟ್ಟೆ ಬತ್ತಿರೋದರಿಂದ ಬಂಡೀಪುರ, ವಯನಾಡು ಕಡೆಯ ಆನೆಗಳೂ ಇಲ್ಲಿಗೇ ಬರುತ್ತವೆ. ಸಂಜೆ ಹೊತ್ತು ಮರಿಗಳನ್ನ ಮಧ್ಯ ಹಾಕಿಕೊಂಡು, ಹುಲ್ಲನ್ನ ಕಾಲಲ್ಲಿ ಒದ್ದು ಕಿತ್ತು, ಮಣ್ಣು ಕೊಡವಿ ತಿನ್ನೋದನ್ನ ಬೋಟಿನಿಂದಲೇ ನೋಡಬಹುದು. ಆಗಸ್ಟ್‌ನಲ್ಲಿ ಎಲ್ಲಾ ಹಸಿರು, ಚೆನ್ನಾಗಿರುತ್ತೆ, ಆದರೆ ನೀರು ತುಂಬಿರುತ್ತೆ, ಆನೆ ಒಳಗೆಲ್ಲೋ ಇರುತ್ತವೆ.

ಕೊಡೋ ದುಡ್ಡಿನಲ್ಲಿ ರೂಮ್, ಮೂರು ಹೊತ್ತಿನ ಊಟ ತಿಂಡಿ, ಸಂಜೆ ಒಂದು ಬೆಳಿಗ್ಗೆ ಒಂದು ಸಫಾರಿ ಎಲ್ಲಾ ಸೇರಿರುತ್ತೆ. ಊಟ ಗೋಲ್ ಘರ್ ಅನ್ನೋ ದುಂಡನೆ ಚಾವಡಿಯಲ್ಲಿ, ನೀರಿಗೆ ಎದುರಾಗಿ. ರಾತ್ರಿ ಕಾಡಿನ ಬಗ್ಗೆ ಒಂದು ಚಿತ್ರ ತೋರಿಸ್ತಾರೆ. ಅಷ್ಟೇ. ನೀರಿಗಿಳಿಯೋ ಆಸೆ ಬೇಡ, ಮೊಸಳೆ ಇವೆ.

ಬಿಸಿಬೇಳೆ:
ಖಾಸಗಿಯದ್ದರ ಫೋಟೋ ನಂಬಬೇಡಿ ಗುರು. ಹೆಸರು ಬೇಡ, ಒಂದು ಕಡೆ ‘ರಿವರ್ ವ್ಯೂ’ ಅಂತ ಜಾಸ್ತಿ ಕಿತ್ಕೊಂಡರು, ಮೇ ತಿಂಗಳಲ್ಲಿ ಹೋದರೆ ಕಿಟಕಿ ಮುಂದೆ ಬಿರುಕು ಬಿಟ್ಟ ನೆಲ, ನೀರು ಎಲ್ಲೋ ದೂರದಲ್ಲಿ ಗೆರೆ ಥರ. ಫೋಟೋ ತೆಗೆದಿದ್ದು ಮಳೆಗಾಲದಲ್ಲಿ! ಈಜುಕೊಳ, ಮಸಾಜ್ ಬೇಕು ಅಂದರೆ ಖಾಸಗಿಗೆ ಹೋಗಿ. ಪ್ರಾಣಿ ನೋಡೋಕಾದರೆ ಸರ್ಕಾರದ್ದೇ ಸಾಕು.

ಹಿನ್ನೀರು:
@ಬಿಸಿಬೇಳೆ, ಮೇ ತಿಂಗಳಲ್ಲಿ ಸರ್ಕಾರದ ಲಾಡ್ಜ್ ಮುಂದೇನೂ ನೀರು ಹಿಂದೆ ಸರಿದಿರುತ್ತೆ, ಅದು ಯಾರ ತಪ್ಪೂ ಅಲ್ಲ. ನೀರು ಇಳಿದರೇನೇ ಆನೆ ಬರೋದು.

ಇನ್ನೊಂದು ಮಾತು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಯಲ್ಲಿ ರೈತರು ಸತ್ತ ಮೇಲೆ ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿತ್ತು. ದುಡ್ಡು ಕಟ್ಟೋ ಮೊದಲು ಫೋನ್ ಮಾಡಿ, ಸಫಾರಿ ಇದೆಯಾ, ಬೋಟ್ ಇದೆಯಾ, ಎರಡೂ ಕೇಳಿ.

ಹುಣಸೂರು_ಹುಡುಗ:
ಥ್ಯಾಂಕ್ಸ್ ಎಲ್ಲರಿಗೂ. ಏಪ್ರಿಲ್‌ಗೇ ನೋಡುತ್ತೇನೆ, ಶನಿವಾರ ಭಾನುವಾರ ಬಿಟ್ಟು. ಅಪ್ಪನ ಹತ್ರ ದೊಡ್ಡ ಕ್ಯಾಮೆರಾ ಇದೆ, ಬಿಡ್ತಾರಾ?

ಕೋಟೆ_ಕಡೆಯವಳು:
ಬಿಡ್ತಾರೆ, ದೊಡ್ಡ ಲೆನ್ಸ್‌ಗೆ ಬೇರೆ ದುಡ್ಡು ಕಟ್ಟಬೇಕು. ಅಪ್ಪನಿಗೆ ಮೊದಲೇ ಹೇಳಿಡಿ, ಇಲ್ಲ ಅಂದರೆ ಅಲ್ಲೇ ಶುರು ಹಚ್ಕೊಳ್ತಾರೆ.