ಬೆಲೆ ಗೊತ್ತಾಯಿತು, ಮಾರೋದು ಯಾರಿಗೆ?

ಚಿಕ್ಕಪ್ಪ: (ಮನೆಯವರ ಗುಂಪಿಗೆ ಫಾರ್ವರ್ಡ್ ಮಾಡಿದ ಟವರ್ ಚಿತ್ರದ ಪೋಸ್ಟರ್) ಪ್ರತಿ ಹಳ್ಳಿಗೆ ಇಂಟರ್ನೆಟ್, ಪ್ರತಿ ಕೈಗೆ ಸ್ಮಾರ್ಟ್‌ಫೋನ್. ಬಡತನ ತಾನಾಗಿಯೇ ಓಡಿಹೋಗುತ್ತದೆ!! ನಿಮ್ಮ ಎಲ್ಲಾ ಗುಂಪುಗಳಿಗೂ ಕಳಿಸಿ.

ಚಿಕ್ಕಪ್ಪ: ಎಲ್ಲರೂ ಓದಿ. ಒಳ್ಳೆ ವಿಚಾರ.

ತಮ್ಮ: ಸೂಪರ್ ಚಿಕ್ಕಪ್ಪ

ನಾನು: ಅಷ್ಟು ಸುಲಭಕ್ಕೆ ಓಡೋದಾಗಿದ್ದರೆ ಇಷ್ಟು ಹೊತ್ತಿಗೆ ಓಡಿರಬೇಕಿತ್ತು ಅಲ್ವಾ ಚಿಕ್ಕಪ್ಪ? ಹಳ್ಳಿಗಳಿಗೆ ಫೋನ್ ಬಂದು ಕಾಲವಾಯಿತು.

ಚಿಕ್ಕಪ್ಪ: ಏನು ಹಾಕಿದರೂ ನಿನ್ನದೊಂದು ತಕರಾರು ಇದ್ದೇ ಇರುತ್ತದೆ. ಕೇರಳದ ಮೀನುಗಾರರ ಕಥೆ ಗೊತ್ತಾ? 1997ರ ಜನವರಿಯಲ್ಲಿ ಒಂದು ಬೆಳಗ್ಗೆ ಬಡಗರದಲ್ಲಿ 11 ಜನ ಮೀನುಗಾರರಿಗೆ ಕೊಳ್ಳುವವರೇ ಸಿಗಲಿಲ್ಲ. ಹಿಡಿದ ಮೀನು ಎಸೆಯೋ ಸ್ಥಿತಿ. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗೇ, ಚೊಂಬಾಲದಲ್ಲಿ, ಕೊಯಿಲಾಂಡಿಯಲ್ಲಿ, ಕೊಳ್ಳೋಕೆ ಬಂದ 27 ಜನ ಮೀನು ಸಿಗದೆ ಬರಿಗೈಯಲ್ಲಿ ಹೊರಟಿದ್ದರು. ಆಮೇಲೆ ಮೊಬೈಲ್ ಬಂತು. ದೋಣಿಯಿಂದಲೇ ಫೋನ್ ಮಾಡಿ ಬೆಲೆ ಕೇಳಿ, ಎಲ್ಲಿ ಗಿರಾಕಿ ಇದೆಯೋ ಆ ದಡಕ್ಕೆ ಹೋಗೋಕೆ ಶುರು ಮಾಡಿದರು. ಮೀನು ಎಸೆಯೋದು ನಿಂತೇ ಹೋಯಿತು. ರಾಬರ್ಟ್ ಜೆನ್ಸೆನ್ ಅನ್ನೋ ಅರ್ಥಶಾಸ್ತ್ರಜ್ಞ 2007ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಮೀನುಗಾರರ ಲಾಭ ಶೇ 8ರಷ್ಟು ಜಾಸ್ತಿ, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಕಡಿಮೆ. ಈಗ ಹೇಳು.

ಮಾವ: ಭಾವ ಒಳ್ಳೆ ಪಾಯಿಂಟ್ ಹಾಕಿದರು

ನಾನು: ಈ ಅಧ್ಯಯನ ನನಗೂ ಗೊತ್ತು, ಇಷ್ಟ ಕೂಡ. ಆದರೆ ಅದು ನಡೆದದ್ದು ಏಕೆ ಅಂತ ನೋಡಿ. ದೋಣಿ ಅವರದು, ಅದನ್ನು ಯಾವ ದಡಕ್ಕೆ ಬೇಕಾದರೂ ತಿರುಗಿಸಬಹುದು, ಮೀನು ಅವತ್ತೇ ಮಾರಿಹೋಗಬೇಕು. ಅಂದರೆ ಸುದ್ದಿ ಸಿಕ್ಕ ಮೇಲೆ ಮಾಡೋಕೆ ಅವರ ಕೈಯಲ್ಲಿ ಏನೋ ಒಂದು ಇತ್ತು. ಅದೇ ಮೀನುಗಾರ ಬಲೆಗೆ, ಎಂಜಿನ್‌ಗೆ ಅಂತ ದಲ್ಲಾಳಿ ಹತ್ತಿರ ಮುಂಗಡ ತಗೊಂಡಿದ್ದರೆ? ಪಕ್ಕದ ದಡದಲ್ಲಿ ಎರಡರಷ್ಟು ಬೆಲೆ ಇದೆ ಅಂತ ಫೋನ್ ಹೇಳುತ್ತೆ, ಸಾಲ ಕೊಟ್ಟವನು ಇಲ್ಲೇ ಹಾಕು ಅಂತಾನೆ. ಮಹಾರಾಷ್ಟ್ರದಲ್ಲಿ 100 ಹಳ್ಳಿಗಳಲ್ಲಿ ರೈತರಿಗೆ ಮಾರುಕಟ್ಟೆ ಬೆಲೆ, ಹವಾಮಾನ ಎಲ್ಲಾ ಎಸ್ಸೆಮ್ಮೆಸ್‌ನಲ್ಲಿ ಕಳಿಸಿ ನೋಡಿದರು. ಫಾಫ್‌ಶಾಂಪ್, ಮಿಂಟೆನ್ ಅನ್ನೋರ ಅಧ್ಯಯನ, 2012ರದು. ರೈತರಿಗೆ ಸಿಕ್ಕಿದ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲೇ ಇಲ್ಲ.

ಚಿಕ್ಕಪ್ಪ: ಒಂದು ಕಡೆ ಆಗಲಿಲ್ಲ ಅಂತ ಎಲ್ಲಾ ಕಡೆ ಆಗಲ್ಲ ಅಂದರೆ ಹೇಗೆ? ಮಧ್ಯಪ್ರದೇಶದಲ್ಲಿ ಐಟಿಸಿ ಕಂಪನಿಯ ಇ-ಚೌಪಾಲ್, ಅದೇ ಹಳ್ಳಿಯಲ್ಲಿ ಬೆಲೆ ತೋರಿಸೋ ಕಂಪ್ಯೂಟರ್ ಕೇಂದ್ರ, 2000ದಲ್ಲೇ ಬಂತಲ್ಲ, ಸೋಯಾಬೀನ್ ಬೆಲೆ ಏರಿತಲ್ಲ.

ನಾನು: ಏರಿತು, ಶೇ 1ರಿಂದ 3ರಷ್ಟು. ಅಲ್ಲೂ ಬರೀ ಕಂಪ್ಯೂಟರ್ ಇಟ್ಟು ಬೆಲೆ ತೋರಿಸಿ ಕೈತೊಳೆದುಕೊಳ್ಳಲಿಲ್ಲ ಚಿಕ್ಕಪ್ಪ. ಕಂಪನಿಯೇ ನೇರವಾಗಿ ಕೊಳ್ಳೋಕೆ ನಿಂತಿತ್ತು. ಮಂಡಿ ಬೇಡ ಅಂದರೆ ಹೋಗೋಕೆ ಇನ್ನೊಂದು ಬಾಗಿಲು ಇತ್ತು. ನಾನು ಹೇಳ್ತಿರೋದೂ ಅದನ್ನೇ.

ಮಾವ: ಹಾಗಾದರೆ ಬಾಂಗ್ಲಾದೇಶ? ಗ್ರಾಮೀಣ್ ಬ್ಯಾಂಕ್‌ನವರು 1997ರಿಂದ ಹೆಂಗಸರಿಗೆ ಸಾಲದ ಮೇಲೆ ಫೋನ್ ಕೊಟ್ಟರು, ಅವರು ಊರಿನವರಿಗೆ ಕರೆ ಮಾಡಿಸಿ ಚೆನ್ನಾಗಿ ದುಡಿದರು.

ನಾನು: ದುಡಿದರು ಮಾವ, ಊರಲ್ಲಿ ಅದೊಂದೇ ಫೋನ್ ಇದ್ದಷ್ಟು ದಿನ. ಎಲ್ಲರ ಕೈಗೂ ಫೋನ್ ಬಂದ ಮೇಲೆ ಆ ದುಡಿಮೆ ಕರಗಿತು. ಈ ಪೋಸ್ಟರ್ ಕೇಳ್ತಿರೋದೇ ಪ್ರತಿ ಕೈಗೂ ಫೋನ್ ಅಂತ!

ತಮ್ಮ: ಎಲ್ಲದಕ್ಕೂ ಇಲ್ಲ ಇಲ್ಲ ಅಂದ್ರೆ ಆಯ್ತಾ. ಕೀನ್ಯಾದ ಎಂ-ಪೆಸಾ, ಫೋನಲ್ಲೇ ದುಡ್ಡು ಕಳಿಸೋ ವ್ಯವಸ್ಥೆ, ಅದಕ್ಕೆ ಏನು ಹೇಳ್ತೀಯಾ? 2007ರಲ್ಲಿ ಶುರುವಾಯಿತು. ಸೂರಿ ಮತ್ತು ಜ್ಯಾಕ್ ಅವರ 2016ರ ಅಧ್ಯಯನದ ಪ್ರಕಾರ 1,94,000 ಮನೆಗಳು ಬಡತನದಿಂದ ಹೊರಗೆ ಬಂದವು. ದೇಶದ ಒಟ್ಟು ಮನೆಗಳಲ್ಲಿ ಶೇ 2. ಸಾದಾ ಕೀಪ್ಯಾಡ್ ಫೋನಲ್ಲಿ

ನಾನು: ಈ ಗುಂಪಲ್ಲಿ ಇವತ್ತು ಬಂದ ಅತ್ಯುತ್ತಮ ಮಾತು ಇದು, ಅದೂ ನಿನ್ನಿಂದ! ಎಂ-ಪೆಸಾ ಯಾರಿಗೂ ಸಲಹೆ ಕೊಡೋಕೆ ಹೋಗಲಿಲ್ಲ. ಊರಲ್ಲಿ ಕಾಯಿಲೆ ಬಿತ್ತು, ಬೆಳೆ ಹೋಯಿತು ಅಂದಾಗ ಪಟ್ಟಣದಲ್ಲಿರುವ ಮಗ ಅವತ್ತೇ ದುಡ್ಡು ಕಳಿಸಬಹುದು, ಮನೆಯವರು ದನ ಮಾರಬೇಕಿಲ್ಲ. ಆ ಅಧ್ಯಯನದಲ್ಲಿ ಜಾಸ್ತಿ ಲಾಭ ಕಂಡದ್ದು ಹೆಂಗಸರು ನಡೆಸೋ ಮನೆಗಳಲ್ಲಿ. ಸುಮಾರು 1,85,000 ಹೆಂಗಸರು ಬೇಸಾಯ ಬಿಟ್ಟು ವ್ಯಾಪಾರಕ್ಕೆ ಇಳಿದರು. ಇನ್ನೊಂದು ವಿಷಯ, ಅವರು ಅಳೆದದ್ದು ಮನೆ ಹತ್ತಿರ ಏಜೆಂಟರು ಎಷ್ಟು ಹೆಚ್ಚಿದರು ಅಂತ. ಅಂದರೆ ಮೊಬೈಲಲ್ಲಿರೋ ದುಡ್ಡನ್ನು ನಗದು ಮಾಡಿಕೊಡೋಕೆ ಕೂಗಳತೆಯಲ್ಲಿ ಒಬ್ಬ ಮನುಷ್ಯ ಕೂತಿದ್ದ. ಪೋಸ್ಟರ್‌ನಲ್ಲಿ ಆ ಮನುಷ್ಯ ಎಲ್ಲಿ? ಬರೀ ಟವರ್ ಇದೆ.

ತಮ್ಮ: ಅಂದ್ರೆ ನನ್ನ ಉದಾಹರಣೆ ತಗೊಂಡು ನೀನೇ ಗೆದ್ದೆ

ನಾನು: ಪೂರ್ತಿ ಇಲ್ಲ. ಅದೇ ಕೀನ್ಯಾದಲ್ಲಿ ಅದೇ ಫೋನಲ್ಲಿ ಕ್ಷಣದಲ್ಲಿ ಸಾಲ ಸಿಗೋ ಹಾಗಾಯಿತು. ತೀರಿಸೋಕೆ ಆಗದೆ ಒದ್ದಾಡಿದವರೂ ಬಹಳ ಜನ.

ಅತ್ತೆ: ನೀವೆಲ್ಲಾ ಫೋನ್ ಕೊಟ್ಟರೆ ಏನಾಗುತ್ತೆ ಅಂತ ಜಗಳ ಆಡ್ತಿದ್ದೀರಿ. ಮನೆಗೆ ಒಂದೇ ಫೋನ್ ಇದ್ದರೆ ಅದು ಯಾರ ಜೇಬಲ್ಲಿ ಇರುತ್ತೆ? ಗಂಡ ಹೊರಗೆ ಹೋದರೆ ಫೋನೂ ಹೋಯಿತು. ಹೆಂಗಸಿಗೆ ಬೇಕಾದ ಸುದ್ದಿ, ಅವಳ ಹೆಸರಿಗೆ ಬರೋ ದುಡ್ಡು, ಓಟಿಪಿ, ಎಲ್ಲಾ ಅವನ ಜೇಬಲ್ಲೇ.

ಮಾವ: ಇದನ್ನು ಯಾರೂ ಯೋಚನೆ ಮಾಡಿರಲಿಲ್ಲ ನೋಡಿ

ಅತ್ತೆ: ನೀವು ಯೋಚನೆ ಮಾಡಿರಲಿಲ್ಲ.

ಚಿಕ್ಕಪ್ಪ: ಆಯ್ತು, ಎಲ್ಲರ ಮಾತೂ ಕೇಳಿದೆ. ಹಾಗಂತ ಇಂಟರ್ನೆಟ್ಟೇ ಬೇಡವಾ? ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯುನ 2024ರ ಲೆಕ್ಕ ನೋಡಿ. ಪ್ರಪಂಚದ ಪಟ್ಟಣಗಳಲ್ಲಿ ಶೇ 83 ಜನ ಇಂಟರ್ನೆಟ್ ಬಳಸುತ್ತಾರೆ, ಹಳ್ಳಿಗಳಲ್ಲಿ ಶೇ 48 ಅಷ್ಟೇ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬಾಗಿಲೇ ತೆರೆದಿಲ್ಲ, ನೀನು ಒಳಗಿನ ಕುರ್ಚಿ ಸರಿ ಇಲ್ಲ ಅಂತಿದ್ದೀಯ.

ನಾನು: ಬೇಡ ಅಂತ ಎಲ್ಲಿ ಹೇಳಿದೆ? ಸಂಪರ್ಕ ಬೇಕೇ ಬೇಕು. ಆದರೆ ಇರೋ ದುಡ್ಡೆಲ್ಲಾ ಟವರ್, ಆ್ಯಪ್‌ಗೆ ಸುರಿದು, ಕಡಿಮೆ ಬಡ್ಡಿ ಸಾಲ, ಉಗ್ರಾಣ, ಮಾಲು ಸಾಗಿಸೋ ರಸ್ತೆ, ಕೂತು ಹೇಳಿಕೊಡೋ ಮನುಷ್ಯ, ಇದಕ್ಕೆ ಕಾಸಿಲ್ಲ ಅಂತಾರಲ್ಲ, ನನ್ನ ತಕರಾರು ಅಲ್ಲಿ. ಉಗ್ರಾಣ ಇಲ್ಲದವನಿಗೆ ಮುಂದಿನ ತಿಂಗಳು ಬೆಲೆ ಏರುತ್ತೆ ಅಂತ ಮೆಸೇಜ್ ಬಂದರೆ ಅವನು ಬೆಳೆ ಎಲ್ಲಿ ಇಟ್ಟುಕೊಳ್ಳಬೇಕು?

ಚಿಕ್ಕಪ್ಪ: ಆ ಕೀನ್ಯಾದ ಅಧ್ಯಯನದ ಲಿಂಕ್ ಇದ್ದರೆ ಕಳಿಸು, ಓದಿ ಹೇಳ್ತೀನಿ. ಪೋಸ್ಟರ್ ಮಾತ್ರ ಡಿಲೀಟ್ ಮಾಡಲ್ಲ.

ತಮ್ಮ: ಲಿಂಕ್ ನಾನು ಹಾಕ್ತೀನಿ, ಉದಾಹರಣೆ ನಂದು