1.3 ರಾಕರ್ ಹಾಕಿದ ಮೇಲೆ ಪುಶ್‌ರಾಡ್ ಬೆಂಡ್ ಆಯ್ತು, ಎಲ್ಲಿ ತಪ್ಪಿದೆ?

ಪ್ರಶ್ನೆ:
ನಮ್ಮ ಗೋ-ಕಾರ್ಟ್‌ಗೆ ಹೋಂಡಾ ಜಿಎಕ್ಸ್200, 196 ಸಿಸಿ. ಮೊದಲಿದ್ದ 1:1 ರಾಕರ್ (ಪುಶ್‌ರಾಡ್ ಅನ್ನೋ ಕಡ್ಡಿ ಮೇಲೆದ್ದಾಗ ವಾಲ್ವ್ ಅದುಮುವ ಸನ್ನೆ) ತೆಗೆದು 1.3:1 ಹಾಕಿದೆವು, ಅಂದರೆ ಕಡ್ಡಿ ಎದ್ದಷ್ಟರ 1.3 ಪಟ್ಟು ವಾಲ್ವ್ ಇಳಿಯುವಂಥದ್ದು. ಜೊತೆಗೆ ಗಟ್ಟಿ ವಾಲ್ವ್ ಸ್ಪ್ರಿಂಗ್. ಪುಶ್‌ರಾಡ್ ಎತ್ತುವ ಕ್ಯಾಮ್ ಹಳೇದೇ. ಐಡಲಿಂಗ್ ಚೆನ್ನಾಗಿದೆ. ರೇಸ್ ಮಾಡಿದರೆ ಟಕಟಕ ಸದ್ದು, ಎರಡನೇ ದಿನಕ್ಕೆ ಇನ್‌ಟೇಕ್ ಪುಶ್‌ರಾಡ್ ಬೆಂಡ್. ಟ್ಯಾಪೆಟ್ ಗ್ಯಾಪ್ (ರಾಕರ್‌ಗೂ ವಾಲ್ವ್ ತುದಿಗೂ ನಡುವಿನ ಸಂದು) ಇನ್‌ಟೇಕ್ 0.15, ಎಕ್ಸಾಸ್ಟ್ 0.20 ಮಿಮೀ ಇಟ್ಟಿದ್ದೆ.

ಉತ್ತರ:
ಗ್ಯಾಪ್ ಸರಿ ಇದೆ, ಅದನ್ನು ಮುಟ್ಟಬೇಡಿ. ಪುಶ್‌ರಾಡ್ ಎಷ್ಟು ಮೇಲೇಳುತ್ತದೆ ಅಂತ ಡಯಲ್ ಗೇಜ್ ಇಟ್ಟು ನೋಡಿ. ಸ್ಪ್ರಿಂಗ್ ಹೆಡ್‌ನಲ್ಲಿ ಕೂತಾಗ ಎಷ್ಟು ಎತ್ತರ, ವೈಸ್‌ನಲ್ಲಿ ಪೂರ್ತಿ ಅದುಮಿದರೆ ಎಷ್ಟು, ಅದೂ ಬೇಕು.

ಪ್ರಶ್ನೆ:
ಪುಶ್‌ರಾಡ್ 5.8 ಮಿಮೀ. ಸ್ಪ್ರಿಂಗ್ 23, ಅದುಮಿದರೆ 15.5.

ಉತ್ತರ:
ಸಿಕ್ತು ನೋಡಿ. 5.8 ಅನ್ನು 1.3ರಿಂದ ಗುಣಿಸಿದರೆ 7.54. ಗ್ಯಾಪ್ ವಾಲ್ವ್ ಕಡೆ ಇರುವುದರಿಂದ ಅದನ್ನು ಕೊನೆಗೆ ಕಳೆಯಬೇಕು, 7.39. ಹಳೇ ರಾಕರ್‌ನಲ್ಲಿ ಬರೀ 5.65 ಇತ್ತು. 23ರಲ್ಲಿ 15.5 ಹೋದರೆ ಈ ಸ್ಪ್ರಿಂಗ್‌ಗೆ ಇಳಿಯಲು ಇರುವ ಜಾಗವೇ 7.5, ಅಂದರೆ ಉಳಿದದ್ದು 0.11! ಸುಮಾರು 1 ಮಿಮೀ ಆದರೂ ಬಿಡಬೇಕು, ಯಾಕಂದ್ರೆ ರಾಕರ್ ಮೇಲೆ 1.3 ಅಂತ ಬರೆದಿದ್ದರೂ ಅಳೆದರೆ ಸ್ವಲ್ಪ ಆಚೀಚೆ ಇರುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಸ್ಪ್ರಿಂಗ್ ಸುರುಳಿಗಳೂ ಕುಣಿಯುತ್ತವೆ. ಸುರುಳಿ ಸುರುಳಿಗೆ ತಾಗಿತು ಅಂದರೆ ವಾಲ್ವ್ ಮುಂದೆ ಹೋಗಲ್ಲ, ಕ್ಯಾಮ್ ಮಾತ್ರ ತಳ್ಳುತ್ತಲೇ ಇರುತ್ತದೆ. ನಡುವೆ ಬಾಗುವುದು ಪಾಪ ಪುಶ್‌ರಾಡ್. ಸಾಲದ್ದಕ್ಕೆ, ಸ್ಪ್ರಿಂಗ್ ಒತ್ತಡವೂ 1.3 ಪಟ್ಟಾಗಿ ಅದರ ಮೇಲೇ ಬೀಳುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಎಲ್ಲ ಸರಿ ಅಂತ ಸುಮ್ನೆ ಹಾಕಬಾರದು.

ಇನ್ನೊಬ್ಬರ ಉತ್ತರ:
ಒಂದು ಸೇರಿಸ್ತೀನಿ. ಇಂಥ ರಾಕರ್‌ನಲ್ಲಿ ಪುಶ್‌ರಾಡ್ ಕೂರುವ ಗುಳಿ ಸ್ಟಡ್‌ಗೆ (ರಾಕರ್ ಕೂರುವ ಬೋಲ್ಟ್) ಹತ್ತಿರ ಇರುತ್ತದೆ, ಹಾಗಾಗಿ ರಾಡ್ ಓರೆಯಾಗಿ, ಅದನ್ನು ಸಾಲಿನಲ್ಲಿ ಹಿಡಿಯುವ ಗೈಡ್ ಪ್ಲೇಟ್‌ಗೆ ಉಜ್ಜಬಹುದು. ರಾಡ್ ಮೇಲೆ ಹೊಳೆಯುವ ಗೆರೆ ಇದೆಯಾ ನೋಡಿ. ಆಮೇಲೆ ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಮೇಲಿನ ಬಿಲ್ಲೆ, ಅಂದರೆ ರಿಟೇನರ್, ಕೆಳಗಿನ ವಾಲ್ವ್ ಗೈಡ್‌ಗೆ ಬಡಿಯಬಾರದು. ವಾಲ್ವ್ ಪಿಸ್ಟನ್‌ಗೆ ತಾಗುತ್ತಾ ಅಂತ ನೋಡಲು ಪಿಸ್ಟನ್ ಮೇಲೆ ಮಕ್ಕಳು ಆಡುವ ಕ್ಲೇ ಇಟ್ಟು, ಹೆಡ್ ಕೂರಿಸಿ ಟ್ಯಾಪೆಟ್ ಸೆಟ್ ಮಾಡಿ, ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಸ್ಟಾರ್ಟರ್ ಹಗ್ಗ ಎಳೆಯೋದು ಅದಾದ ಮೇಲೆ.

ಪ್ರಶ್ನೆ:
ಗೆರೆ ಇದೆ ಸರ್, ಒಂದೇ ಬದಿಗೆ. ಗೈಡ್ ಪ್ಲೇಟ್ ಸಡಿಲಿಸಿ ಸರಿಸಿದೆ, ಈಗ ರಾಡ್ ತಾಗುತ್ತಿಲ್ಲ. ಅದುಮಿದಾಗ 14.4ಕ್ಕೆ ಇಳಿಯುವ ಸ್ಪ್ರಿಂಗ್ ಸಿಕ್ಕಿದೆ, ಸಾಕಾ?

ಉತ್ತರ:
23ರಲ್ಲಿ 14.4 ಹೋದರೆ 8.6, ಅದರಲ್ಲಿ 7.39 ಹೋದರೆ 1.21. ಸಾಕು. ಬೆಂಡ್ ಆದ ರಾಡನ್ನು ಬಡಿದು ನೆಟ್ಟಗೆ ಮಾಡಿ ಹಾಕಬೇಡಿ ಮತ್ತೆ.