ಅಪ್‌ಡೇಟ್: ಫುಲ್ ಥ್ರಾಟಲ್‌ನಲ್ಲಿ ಮುಗ್ಗರಿಸುತ್ತಿದ್ದ ಎಂಜಿನ್ ಸರಿಹೋಯಿತು

ಏರ್ ಫಿಲ್ಟರ್, ಸೈಲೆನ್ಸರ್ ಬದಲಿಸಿದ ಮೇಲೆ 200 ಸಿಸಿ ಫೋರ್‌ಸ್ಟ್ರೋಕ್ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ ಮುಗ್ಗರಿಸುತ್ತದೆ, ಏಕೆ ಎಂದು ಹಿಂದೆ ಪ್ರಶ್ನೆ ಹಾಕಿದ್ದೆ. ಕಾರಣ ಲೀನ್ ಮಿಶ್ರಣವೇ: ಗಾಳಿ ಹೆಚ್ಚಿತು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹೆಚ್ಚಲಿಲ್ಲ. ಚೋಕ್ ಅರ್ಧ ಎಳೆದರೆ ಓಟ ಸುಧಾರಿಸುತ್ತಿತ್ತು, ಸ್ಪಾರ್ಕ್ ಪ್ಲಗ್ ತುದಿ ಬೆಳ್ಳಗಿತ್ತು; ಎರಡೂ ಲೀನ್ ಮಿಶ್ರಣದ ಗುರುತು. ಮೇನ್ ಜೆಟ್ಟನ್ನು (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ, ಸಣ್ಣ ರಂಧ್ರವಿರುವ ತುಂಡು) ಒಂದೊಂದೇ ಸೈಜ್ ಏರಿಸಿ, ಪ್ರತಿ ಸಲ ಲೋಡ್‌ನಲ್ಲಿ ಓಡಿಸಿ, ತಟ್ಟನೆ ಆಫ್ ಮಾಡಿ ಪ್ಲಗ್ ನೋಡಿದೆ. ಎರಡನೇ ಸೈಜ್‌ಗೆ ತಿಳಿ ಕಂದು ಬಂತು, ಅಂದರೆ ಮಿಶ್ರಣ ಸರಿಯಾಯಿತು. ಹಳೇ ಜೆಟ್ಟನ್ನೇ ಡ್ರಿಲ್‌ನಿಂದ ಹಿಗ್ಗಿಸಬೇಡಿ, ಅಳತೆ ಕೈಗೆ ಸಿಗದು.

ಎಂಜಿನ್ ವೇಗ ಮಿತಿ ಮೀರದಂತೆ ತಡೆಯುವ ಗವರ್ನರ್ ಮಾತ್ರ ಮುಟ್ಟಿಲ್ಲ. ಎರಕದ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ), ಅಲ್ಯೂಮಿನಿಯಂ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕೋಲು) ಎರಡೂ ಸುಮಾರು 3600 ಆರ್‌ಪಿಎಂ ಓಟಕ್ಕೆ ಮಾಡಿದವು. ವೇಗ ಇಮ್ಮಡಿಯಾದರೆ ಅವುಗಳ ಮೇಲಿನ ಎಳೆತ ನಾಲ್ಕು ಪಟ್ಟು. ರಾಡ್ ಮುರಿದರೆ ಎಂಜಿನ್ನಿನ ಹೊರಕವಚವಾದ ಕ್ರ್ಯಾಂಕ್‌ಕೇಸ್ ಹೋಗುತ್ತದೆ; ಫ್ಲೈವೀಲ್ ಸಿಡಿದರೆ ಪಕ್ಕದಲ್ಲಿ ನಿಂತವರೂ!